ಮಗಳಿಗೊಂದು ಪತ್ರ: ಕ್ಯಾರವಾನ್ ಹೊರಡುವ ಮುನ್ನ

ದಾವಣಗೆರೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನೀವು ಹಳೇ ಕ್ಯಾರವಾನ್ ಒಂದನ್ನು, ಅದೇ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆಯನ್ನು, ಕೊಂಡ ಸುದ್ದಿ ಕೇಳಿ ನಿಮ್ಮಮ್ಮ ಓಣಿಗೆಲ್ಲಾ ಹೇಳಿಕೊಂಡು ಬಂದಳು. ಅಳಿಯಂದಿರು ಕಳಿಸಿದ ಅದರ ಕೈಪಿಡಿಯನ್ನು ನಾನು ಮೊಬೈಲಿನಲ್ಲೇ ದೊಡ್ಡದು ಮಾಡಿಕೊಂಡು ಪೂರ್ತಿ ಓದಿದೆ. ಒಲೆ, ಹೀಟರ್, ಫ್ರಿಜ್, ಮಂಚ ಎಲ್ಲಾ ಒಂದೇ ಕೋಣೆಯಲ್ಲಿ. ಗ್ಯಾಸ್ ಏಜೆನ್ಸಿಯಲ್ಲಿ ಮೆಕ್ಯಾನಿಕ್ ಆಗಿ ದುಡಿದವನ ಕಣ್ಣು ಮೊದಲು ಹೋಗುವುದು ಸಿಲಿಂಡರ್ ಕಡೆಗೇ. ಈಸ್ಟರ್ ರಜೆಗೆ ಇಂಗ್ಲೆಂಡಿನ ನಿಮ್ಮ ಲೀಡ್ಸ್‌ನಿಂದ ಲೇಕ್ ಡಿಸ್ಟ್ರಿಕ್ಟ್‌ಗೆ ಹೊರಡುವ ಮೊದಲು ನಿನಗೆ ಕೆಲವು ವಿಷಯ ಹೇಳಲೇಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿರುತ್ತೆ, ಅರ್ಧ ಮರೆತುಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮುಂದುಗಡೆಯ ಗ್ಯಾಸ್ ಲಾಕರ್ ತೆಗೆದು ತೋರಿಸಿದೆಯಲ್ಲ, ಸಿಲಿಂಡರ್ ಜಾರದಿರಲಿ ಅಂತ ನೀನು ತಳಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದೆ. ಪತ್ರ ಓದುವುದನ್ನು ಇಲ್ಲಿಗೇ ನಿಲ್ಲಿಸು. ಹೋಗಿ ಆ ಮ್ಯಾಟ್ ತೆಗೆದು ಬಾ. ಅದರ ಅಡಿಯಲ್ಲಿ ಜಾಲರಿ ಹಾಕಿದ ತೂತುಗಳಿವೆ, ನೆಲಕ್ಕೆ ತೆರೆದುಕೊಳ್ಳುವಂಥವು. ಕ್ಯಾರವಾನ್ ಮಾಡಿದವರು ಬೇಕೆಂದೇ ಬಿಟ್ಟಿರುವ ತೂತುಗಳು.

ನಮ್ಮ ಗ್ಯಾಸ್ ಗಾಳಿಗಿಂತ ಭಾರ. ಸಿಲಿಂಡರಿಗೆ ತುಂಬುವುದು ಪ್ರೊಪೇನ್, ಬ್ಯೂಟೇನ್ ಅನ್ನುವ ಎರಡು ಗ್ಯಾಸ್: ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಸೋರಿದರೆ ಮೇಲೆ ಹೋಗುವುದಿಲ್ಲ, ಚೆಲ್ಲಿದ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಒಂದು ಲೀಟರ್ ದ್ರವ ಹೊರಬಿದ್ದರೆ ಸುಮಾರು 250 ಲೀಟರ್ ಆವಿ ಆಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲು ಸೇರಿದ್ದರೂ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ತಳದ ತೂತು ತೆರೆದಿದ್ದರೆ ಸೋರಿದ್ದು ಕೆಳಗಿಳಿದು ಬಯಲಿಗೆ ಹೋಗುತ್ತೆ. ಮುಚ್ಚಿದ್ದರೆ ಲಾಕರ್ ತುಂಬಿಕೊಂಡು, ಸಂದಿಗಳಲ್ಲಿ ಹಾದು, ನೀವು ಮಲಗುವ ಜಾಗಕ್ಕೆ ಬರುತ್ತೆ. ಮ್ಯಾಟ್ ತೆಗೆದ ಮೇಲೆ ಬಗ್ಗಿ ಕೆಳಗಡೆಯಿಂದಲೂ ನೋಡು. ನಿಂತಿದ್ದ ಗಾಡಿಯಲ್ಲಿ ಒಣಗಿದ ಕೆಸರು, ಎಲೆ, ಇಲಿಗೂಡು ಕೂಡ ಅಲ್ಲಿ ಕಟ್ಟಿಕೊಂಡಿರುತ್ತದೆ.

ಒಳಗಡೆಯೂ ಅಂಥ ಗಾಳಿಕಿಂಡಿಗಳಿವೆ. ನೆಲದ ಹತ್ತಿರ, ಬಾಗಿಲ ಪಕ್ಕ, ಚಾವಣಿಯಲ್ಲಿ. ಹೊರಗೋಡೆಯಲ್ಲಿ ಫ್ರಿಜ್ ಹಿಂದೆ ಎರಡು ಜಾಲರಿ ಇವೆ. ನಿನ್ನ ಚಳಿ ನನಗೆ ಗೊತ್ತು. ನಮ್ಮ ಊರಿನ ಜನವರಿಗೇ ಸ್ವೆಟರ್ ಹುಡುಕುತ್ತಿದ್ದವಳು ನೀನು. ಅಲ್ಲಿ ಏಪ್ರಿಲ್ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಹೋದಾಗ ಆ ಕಿಂಡಿಯಿಂದ ಗಾಳಿ ಬಂದರೆ ಟವೆಲ್ ತುರುಕೋಣ ಅನ್ನಿಸುತ್ತದೆ. ತುರುಕಬೇಡ ಕಣಮ್ಮ. ಇನ್ನೊಂದು ರಜಾಯಿ ಹೊದ್ದುಕೊಳ್ಳಿ, ಮಗುವಿಗೆ ಕಾಲುಚೀಲ ಟೋಪಿ ಹಾಕು, ಕಿಂಡಿ ಮಾತ್ರ ಮುಚ್ಚಬೇಡ. ಈ ಪತ್ರದಲ್ಲಿ ಬೇರೆ ಎಲ್ಲಾ ಮರೆತರೂ ಇದೊಂದು ನೆನಪಿಟ್ಟುಕೋ.

ಸೋರಿದ ಗ್ಯಾಸ್ ವಾಸನೆಯಿಂದ ಗೊತ್ತಾಗುತ್ತದೆ. ಎಥೈಲ್ ಮರ್ಕ್ಯಾಪ್ಟನ್ ಅಂತ ಒಂದು ಕೆಟ್ಟ ವಾಸನೆಯ ರಾಸಾಯನಿಕವನ್ನು ಅದಕ್ಕೇ ಸೇರಿಸುವುದು. ಆದರೆ ಸರಿಯಾಗಿ ಉರಿಯದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನನಗೆ ಅದರದ್ದೇ ಹೆಚ್ಚು ಭಯ. ಕಿಂಡಿ ಮುಚ್ಚಿ ಒಲೆ ಉರಿಸಿದರೆ ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು. ಪ್ರಯಾಣದ ಸುಸ್ತು ಅಂದುಕೊಂಡು ಜನ ಮಲಗಿಬಿಡುತ್ತಾರೆ. ಮೂವರಿಗೂ ಒಟ್ಟಿಗೇ ತಲೆ ನೋಯುತ್ತಿದ್ದರೆ, ಹೊರಗೆ ಬಂದಾಗ ಕಡಿಮೆ ಆಗುತ್ತಿದ್ದರೆ, ಸುಸ್ತು ಅಂತ ಸುಮ್ನೆ ಇರಬೇಡಿ. ಎಲ್ಲಾ ಆರಿಸಿ, ಹೊರಗೆ ಬಂದು, ಡಾಕ್ಟರಿಗೆ ತೋರಿಸಿ.

ಅದಕ್ಕೆ ಅಲಾರಂ ಸಿಗುತ್ತದೆ. ಕೊಳ್ಳುವಾಗ ಇಎನ್ 50291-2 ಅಂತ ಯುರೋಪಿನ ಗುಣಮಟ್ಟದ ಗುರುತು ಬರೆದಿದೆಯಾ ನೋಡು. ಕೊನೆಯ 2 ಮುಖ್ಯ, ಅದು ಕ್ಯಾರವಾನ್, ದೋಣಿಯಂಥ ಜಾಗಗಳಿಗೆ ಮಾಡಿದ್ದು. 1 ಅಂತ ಇದ್ದರೆ ಮನೆಯದು. ಗುಂಡಿ ಒತ್ತಿ ಕೂಗುತ್ತಾ ನೋಡಿಕೊಂಡೇ ಪ್ರತಿ ಸಲ ಹೊರಡಿ.

ನಿಮ್ಮಮ್ಮ ಕಳಿಸಿದ ದೋಸೆ ಹಂಚಿನ ವಿಷಯಕ್ಕೂ ಬರುತ್ತೇನೆ. ಆ ಒಲೆಯ ಬರ್ನರ್ ಚಿಕ್ಕದು. ಅಷ್ಟಗಲದ ಕಬ್ಬಿಣದ ಹಂಚು ಇಟ್ಟರೆ ಜ್ವಾಲೆ ಅಡಿಯಲ್ಲೇ ಒತ್ತಿಕೊಂಡು ಗಾಳಿ ಸಿಗದೆ ಒದ್ದಾಡುತ್ತದೆ, ಆ ವಿಷದ ಗಾಳಿ ಹುಟ್ಟುವುದೂ ಆಗಲೇ. ಜ್ವಾಲೆ ನೀಲಿಯಾಗಿ, ಚೂಪಾಗಿ ಇರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ, ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಆರಿಸಿಬಿಡು. ಚಿಕ್ಕ ತವಾ ತಗೊಂಡು ಹೋಗು, ದೋಸೆ ಚಿಕ್ಕದಾದರೆ ಇನ್ನೆರಡು ಜಾಸ್ತಿ ಹುಯ್ಯಬಹುದು. ಅಡುಗೆ ಮಾಡುವಾಗ ಕಿಟಕಿ ಒಂದಿಷ್ಟು ತೆರೆದಿರಲಿ. ಚಳಿ ಕಾಯಿಸಲು ಒಲೆ ಹಚ್ಚಿ ಬಿಡಬೇಡ, ಅದಕ್ಕೆ ಹೊಗೆಕೊಳವೆ ಇರುವ ಹೀಟರ್ ಬೇರೆಯೇ ಇದೆಯಲ್ಲ.

ಹೊರಗೆ ಬಾರ್ಬೆಕ್ಯೂ ಮಾಡಿದರೆ ಅದು ಹೊರಗೇ ಇರಲಿ. ಆರಿದಂತೆ ಕಾಣುವ ಇದ್ದಿಲು ತಾಸುಗಟ್ಟಲೆ ವಿಷ ಬಿಡುತ್ತಲೇ ಇರುತ್ತದೆ. ಮಳೆ ಬಂತು ಅಂತಲೋ, ಒಂದಿಷ್ಟು ಬೆಚ್ಚಗಾಗಲಿ ಅಂತಲೋ ಅದನ್ನು ಟೆಂಟಿನೊಳಕ್ಕೆ, ಕ್ಯಾರವಾನ್ ಪಕ್ಕ ಕಟ್ಟುವ ಬಟ್ಟೆಯ ಚಪ್ಪರದೊಳಕ್ಕೆ ಎಳೆದುಕೊಂಡು ಆ ದೇಶದಲ್ಲಿ ಜೀವ ಕಳೆದುಕೊಂಡವರಿದ್ದಾರೆ. ನಮ್ಮಲ್ಲೂ ಚಳಿಗಾಲದಲ್ಲಿ ಕೋಣೆ ಮುಚ್ಚಿ ಕೆಂಡ ಇಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಇನ್ನು ಪೈಪು. ಇಲ್ಲಿ ನಮ್ಮ ಮನೆಯಲ್ಲಿ ರೆಗ್ಯುಲೇಟರ್ ಸಿಲಿಂಡರ್ ತಲೆ ಮೇಲೆ ಕೂತಿರುತ್ತದೆ, ಅದು ಒತ್ತಡ ಇಳಿಸಿದ ಮೇಲೆ ಗ್ಯಾಸ್ ಪೈಪಿಗೆ ಬರುತ್ತದೆ. ನಿಮ್ಮ ಗಾಡಿಯಲ್ಲಿ ಹಾಗಿಲ್ಲ. ಅಲ್ಲಿ 2003ರ ಆಚೆಗೆ ಬಂದ ಕ್ಯಾರವಾನ್‌ಗಳಲ್ಲಿ ರೆಗ್ಯುಲೇಟರ್ ಲಾಕರ್ ಗೋಡೆಗೆ ಕೂತಿರುತ್ತದೆ. ಅಂದರೆ ಸಿಲಿಂಡರ್‌ನಿಂದ ಗೋಡೆಯವರೆಗಿನ ಆ ಮೊಳದುದ್ದದ ಪೈಪಿನಲ್ಲಿ ಹರಿಯುವುದು ಸಿಲಿಂಡರಿನ ಪೂರ್ತಿ ಒತ್ತಡ. ಪ್ರೊಪೇನ್ ಆದರೆ 15 ಡಿಗ್ರಿಯಲ್ಲೇ ಆರು ಬಾರ್ ದಾಟುತ್ತದೆ (ಬಾರ್ ಅಂದರೆ ಒತ್ತಡದ ಅಳತೆ, ಅದರ ಸಾವಿರದಲ್ಲೊಂದು ಪಾಲು ಮಿಲಿಬಾರ್). ರೆಗ್ಯುಲೇಟರ್ ದಾಟಿ ಒಲೆಗೆ ಹೋಗುವುದು 30 ಮಿಲಿಬಾರ್ ಅಷ್ಟೇ, ಹೆಚ್ಚು ಕಡಿಮೆ ನಮ್ಮ ಮನೆಯ ಒಲೆಯಷ್ಟೇ. ಇನ್ನೂರು ಪಟ್ಟು ವ್ಯತ್ಯಾಸ ನೋಡು! ಹಾಗಾಗಿ ಆ ಜಾಗಕ್ಕೆ ಎರಡೂ ತುದಿ ಕಾರ್ಖಾನೆಯಲ್ಲೇ ಬಿಗಿದು ಬಂದ ಹೈ ಪ್ರೆಶರ್ ಪೈಪೇ ಬೇಕು. ನಮ್ಮ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ತುಂಬಾ ಚೆನ್ನಾಗಿದೆ ಅಂತ ಇಲ್ಲಿಂದ ತರಿಸಿ ಕ್ಲಿಪ್ ಹಾಕಿ ಬಿಗಿಯುವ ಯೋಚನೆ ಅಳಿಯಂದಿರಿಗೆ ಬೇಡವೇ ಬೇಡ. ಇಲ್ಲಿಯ ರೆಗ್ಯುಲೇಟರ್ ಕೂಡ ಅಲ್ಲಿಯ ಸಿಲಿಂಡರಿಗೆ ಕೂರುವುದಿಲ್ಲ.

ಪೈಪಿನ ಮೈಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ನಾವು ಇಲ್ಲಿ 5 ವರ್ಷಕ್ಕೆ ಬದಲಿಸಿ ಅಂತ ಗ್ರಾಹಕರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುತ್ತಿದ್ದೆವು. ನೀನೂ ಅದೇ ಲೆಕ್ಕ ಇಟ್ಟುಕೋ. ಬೆರಳಿಂದ ಸ್ವಲ್ಪ ಬಗ್ಗಿಸಿ ನೋಡು. ಬಾಗಿದ ಕಡೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಾಯಿಬಿಟ್ಟರೆ ವರ್ಷ ನೋಡುವುದೂ ಬೇಡ, ಹೊಸದು ಹಾಕಿಸು. ಲೋಹದ ತುದಿ ಸೇರುವ ಜಾಗದಲ್ಲಿ ಬಿರುಕು ಮೊದಲು ಕಾಣಿಸುತ್ತದೆ.

ಸಿಲಿಂಡರ್ ಬಣ್ಣದ ಬಗ್ಗೆ ಕೇಳಿದ್ದೆಯಲ್ಲ. ಅಲ್ಲಿ ಕ್ಯಾಲರ್ ಕಂಪನಿಯ ನೀಲಿ ಸಿಲಿಂಡರಿನಲ್ಲಿ ಬ್ಯೂಟೇನ್, ಕೆಂಪಿನಲ್ಲಿ ಪ್ರೊಪೇನ್. ಇಲ್ಲಿ ನಮ್ಮ ಕೆಂಪು 14.2 ಕೆಜಿಯಲ್ಲಿ ಎರಡೂ ಬೆರೆತಿರುತ್ತವೆ, ಬಿಸಿಲಿನ ಊರಿಗೆ ಅದು ಸಾಕು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ಅರ್ಧ ತುಂಬಿದ್ದರೂ ಬೆಳಗಿನ ಕಾಫಿಗೆ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಾಗಾಗಿ ಈಸ್ಟರ್‌ಗೆ ಕೆಂಪೇ ಇರಲಿ, 6 ಕೆಜಿಯದು ನಿಮಗೆ ಧಾರಾಳ. ನೀಲಿಯಿಂದ ಕೆಂಪಿಗೆ ಹೋದರೆ ಜೋಡಣೆ ಬೇರೆ, ಪೈಪೂ ಬೇರೆ ಬೇಕಾಗುತ್ತದೆ, ಅಂಗಡಿಯಲ್ಲಿ ಸಿಲಿಂಡರ್ ತೋರಿಸಿ ಕೇಳು.

ಕೆಂಪು ಸಿಲಿಂಡರ್ ಜೋಡಿಸುವಾಗ ಅಳಿಯಂದಿರ ಕೈ ತಪ್ಪುವ ಜಾಗ ಒಂದಿದೆ. ಅದರ ನಟ್ಟು ಉಲ್ಟಾ ಥ್ರೆಡ್. ಬಿಗಿಯಲು ಎಡಕ್ಕೆ, ಬಿಚ್ಚಲು ಬಲಕ್ಕೆ. ಆದರೆ ಅದೇ ಸಿಲಿಂಡರಿನ ವಾಲ್ವಿನ ಚಕ್ರ ಎಲ್ಲಾ ನಲ್ಲಿಗಳಂತೆ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಇಲ್ಲಿ ರೆಗ್ಯುಲೇಟರ್ ತೆಗೆದರೆ ಸಿಲಿಂಡರಿನ ಪಿನ್ ತಾನೇ ಮೇಲೆದ್ದು ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ನೀವು ಕೈಯಿಂದ ಮುಚ್ಚಬೇಕು, ಮುಚ್ಚಿದ ಮೇಲೇ ನಟ್ಟಿಗೆ ಸ್ಪ್ಯಾನರ್ ಹಾಕಬೇಕು. ಸಿಲಿಂಡರ್ ಬದಲಿಸುವುದು ಬಯಲಲ್ಲಿ, ಸುತ್ತ ಬೀಡಿ ಸಿಗರೇಟು, ಉರಿಯುವ ಒಲೆ ಏನೂ ಇರಬಾರದು. ಜೋಡಿಸಿದ ಮೇಲೆ ಪಾತ್ರೆ ತೊಳೆಯುವ ಸೋಪಿಗೆ ನೀರು ಬೆರೆಸಿ ಬ್ರಷ್‌ನಿಂದ ಜೋಡಣೆ ಸುತ್ತ ಹಚ್ಚು, ವಾಲ್ವ್ ನಿಧಾನಕ್ಕೆ ತೆರೆ, ಒಂದು ನಿಮಿಷ ಕಣ್ಣಿಟ್ಟು ನೋಡು. ಗುಳ್ಳೆ ಎದ್ದು ದೊಡ್ಡದಾಗುತ್ತಿದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವವರನ್ನು ಇಲ್ಲಿ ನಾನು ಕಣ್ಣಾರೆ ನೋಡಿದ್ದೇನೆ, ಕೈಯಿಂದ ಕಡ್ಡಿ ಕಸಿದುಕೊಂಡಿದ್ದೇನೆ.

ಗ್ಯಾಸ್ ಮುಗಿಯುತ್ತಾ ಬಂದಾಗ ನಮ್ಮ ಕಡೆ ಸಿಲಿಂಡರ್ ಮಲಗಿಸುತ್ತಾರೆ, ಅಲ್ಲಾಡಿಸುತ್ತಾರೆ, ಬಿಸಿನೀರಲ್ಲಿ ಇಡುತ್ತಾರೆ. ನಿಮ್ಮ ಅಜ್ಜಿಯೂ ಮಾಡುತ್ತಿದ್ದಳು. ನೀನು ಮಾಡಬೇಡ. ನೆಟ್ಟಗೆ ನಿಂತ ಸಿಲಿಂಡರಿನಲ್ಲಿ ದ್ರವ ಕೆಳಗೆ, ಆವಿ ಮೇಲೆ. ಒಲೆಗೆ ಬೇಕಾದ್ದು ಆವಿ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗಿ ರೆಗ್ಯುಲೇಟರ್ ಹಾಳಾಗಬಹುದು, ಜ್ವಾಲೆ ಹೊಡೆದು ಮೇಲೇಳಬಹುದು. ಬಿಸಿ ಮಾಡಿದರೆ ಒಳಗಿನ ಒತ್ತಡ ಏರುತ್ತದೆ. ಎಷ್ಟು ಉಳಿದಿದೆ ತಿಳಿಯಲು ಬಿಚ್ಚಿ ತೂಕದ ಯಂತ್ರದ ಮೇಲೆ ನಿಲ್ಲಿಸು, ಅದರ ಮೇಲೆ ಬರೆದಿರುವ ಖಾಲಿ ತೂಕ ಕಳೆ. ಖಾಲಿ ಸಿಲಿಂಡರಿನಲ್ಲೂ ಒಂದಿಷ್ಟು ಗ್ಯಾಸ್ ಉಳಿದೇ ಇರುತ್ತದೆ, ಅದಕ್ಕೂ ವಾಲ್ವ್ ಮುಚ್ಚಿ ನೆಟ್ಟಗೆ ಬೆಲ್ಟ್ ಕಟ್ಟಿಡು. ಬೇರೆಯವರು ತುಂಬಿಸಿ ಕೊಡುತ್ತೇವೆ ಅಂದರೂ ಕ್ಯಾಲರ್ ಸಿಲಿಂಡರ್ ಕೊಡಬೇಡ. ಇಲ್ಲಿಯ ಹಾಗೆ ಅಲ್ಲೂ ಅದು ಕಂಪನಿಯ ಆಸ್ತಿ. ಅದೂ ಅಲ್ಲದೆ, ಲೆಕ್ಕ ತಪ್ಪಿ ಪೂರ್ತಿ ತುಂಬಿಬಿಟ್ಟರೆ ಬಿಸಿಲಿಗೆ ದ್ರವ ಹಿಗ್ಗಲು ಜಾಗವೇ ಇರುವುದಿಲ್ಲ. ನೂರಕ್ಕೆ 80 ಪಾಲು ಮಾತ್ರ ತುಂಬುವುದು ಅದಕ್ಕೇ.

ಗಾಡಿ ಹೊರಡುವಾಗ ಸಿಲಿಂಡರ್ ವಾಲ್ವ್ ಮುಚ್ಚಿರಬೇಕು. ಫ್ರಿಜ್ ಅನ್ನು ಗ್ಯಾಸಿನಿಂದ ಕಾರಿನ 12 ವೋಲ್ಟ್ ಕರೆಂಟಿಗೆ ಬದಲಿಸು. ಫ್ರಿಜ್ ಹಿಂದೆ ಪುಟ್ಟ ಜ್ವಾಲೆ ಉರಿಯುತ್ತಿರುತ್ತದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಹಾಗೇ ಪೆಟ್ರೋಲ್ ಬಂಕಿಗೆ ಹೋಗಿಬಿಡುತ್ತಾರೆ.

ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು ಅನ್ನುವುದು ನಿನಗೆ ಚಿಕ್ಕಂದಿನಿಂದಲೂ ಗೊತ್ತು. ಸ್ವಿಚ್ ಮುಟ್ಟಬಾರದು, ಹಾಕುವುದೂ ಬೇಡ ಆರಿಸುವುದೂ ಬೇಡ. ಮಗುವನ್ನು ಎತ್ತಿಕೊಂಡು ಎಲ್ಲರೂ ಹೊರಗೆ, ಬಾಗಿಲು ತೆರೆದಿಟ್ಟೇ ಬನ್ನಿ. ಲಾಕರ್ ಹೊರಗಿನಿಂದಲೇ ತೆಗೆಯುವಂಥದ್ದು, ಹತ್ತಿರ ಹೋಗಲು ಧೈರ್ಯ ಬಂದರೆ ವಾಲ್ವ್ ಬಲಕ್ಕೆ ತಿರುಗಿಸಿ ಮುಚ್ಚು. ಇಲ್ಲದಿದ್ದರೆ ದೂರ ಹೋಗಿ ಅಲ್ಲಿಯ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡು, ಪಕ್ಕದ ಗಾಡಿಯವರಿಗೂ ಹೇಳು. ಇಲ್ಲಿ ಗ್ಯಾಸ್ ಸೋರಿದರೆ ನಾವು 1906 ಅನ್ನುತ್ತೇವೆ, ಅಭ್ಯಾಸಬಲದಿಂದ ಅದನ್ನು ಒತ್ತಬೇಡ.

ಇಷ್ಟೆಲ್ಲಾ ನೀವೇ ನೋಡಿಕೊಳ್ಳಬಹುದು. ಆದರೆ ಗೋಡೆಯಾಚೆಗಿನ ಕೊಳವೆ, ಹೀಟರ್, ಫ್ರಿಜ್ ಬರ್ನರ್ ನಿಮ್ಮ ಕೈಗೆ ಬೇಡ. ಹಳೇ ಗಾಡಿ, ಹಿಂದಿನವರು ಏನು ಮಾಡಿದ್ದರೋ. ಅಲ್ಲಿ ಗ್ಯಾಸ್ ಕೆಲಸ ಮಾಡುವ ಮೆಕ್ಯಾನಿಕ್‌ಗಳಿಗೆ ಗ್ಯಾಸ್ ಸೇಫ್ ಅಂತ ನೋಂದಣಿ ಇದೆ. ಅವರ ಕಾರ್ಡಿನ ಹಿಂಭಾಗದಲ್ಲಿ ಯಾವ್ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಬರೆದಿರುತ್ತದೆ. ಎಲ್‌ಪಿಜಿ ಮತ್ತು ಕ್ಯಾರವಾನ್ ಅಂತ ಇದ್ದವರನ್ನೇ ಕರೆಸು. ಮನೆ ಬಾಯ್ಲರ್ ರಿಪೇರಿ ಮಾಡುವವರೆಲ್ಲರಿಗೂ ಈ ಕೆಲಸ ಬರುವುದಿಲ್ಲ. ಹೊರಡುವ ವಾರ ಬರುವವರೆಗೆ ಕಾಯಬೇಡ, ಅವರಿಗೆ ಆಗ ಬಿಡುವಿರುವುದಿಲ್ಲ.

ಮ್ಯಾಟ್ ತೆಗೆದ ಮೇಲೆ ಲಾಕರ್ ತಳದ ಒಂದು ಫೋಟೋ ಕಳಿಸು. ಪೈಪಿನ ಮೇಲಿರುವ ವರ್ಷ ಓದಲು ಬರುವ ಹಾಗೆ ಇನ್ನೊಂದು.

ನಿನ್ನ
ಅಪ್ಪ