ನಿಮ್ಮ ‘ಸೋಮಾರಿ’ ರಿಕೆಲ್ಮೆ ವಿಚಾರ

ಬ್ಯೂನಸ್ ಐರಿಸ್

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಅತ್ತೆಯ ಮಂಡಿ ನೋವು ಈಗ ಹೇಗಿದೆ? ಅಲ್ಲಿ ಮಳೆ ಹಿಡಿದಿದೆ ಅಂತ ಅಮ್ಮ ಹೇಳಿದಳು. ಇಲ್ಲಿ ಈಗ ಚಳಿಗಾಲ. ಬೆಳಗ್ಗೆ ಹಾಸಿಗೆ ಬಿಡೋಕೆ ಮನಸ್ಸೇ ಬರೋದಿಲ್ಲ.

ಹೋದ ವಾರ ಫೋನಿನಲ್ಲಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ರಿಕೆಲ್ಮೆ ಹೆಸರು ಎತ್ತಿದ್ದಕ್ಕೆ ನಕ್ಕುಬಿಟ್ಟಿರಿ. ‘ಆ ಸೋಮಾರಿಗೆ ಅಲ್ಲಿ ಅಷ್ಟೊಂದು ಮರ್ಯಾದೆಯಾ?’ ಅಂದಿರಿ. ಫೋನಿನಲ್ಲಿ ನಿಮ್ಮ ಜೊತೆ ವಾದ ಮಾಡಿ ಗೆಲ್ಲೋಕಾಗಲ್ಲ. ನಡುವೆ ಬಾಯಿ ಹಾಕೋಕೆ ನೀವು ಬಿಡಬೇಕಲ್ಲ! ಅದಕ್ಕೇ ಈ ಪತ್ರ.

ಮರ್ಯಾದೆ ಇದೆ ಮಾವ, ಜಾಸ್ತಿನೇ ಇದೆ. ನಮ್ಮ ಆಫೀಸಿನಲ್ಲಿ ಅವನ ಕ್ಲಬ್ ಬೋಕಾ ಜೂನಿಯರ್ಸ್ ಅಭಿಮಾನಿಗಳದೇ ಒಂದು ಗುಂಪಿದೆ. ಊಟದ ಹೊತ್ತಿಗೆ ಅವರದು ಒಂದೇ ಜಗಳ: ಬೋಕಾಗೆ ಮರಡೋನಾ ದೊಡ್ಡವನಾ, ರಿಕೆಲ್ಮೆನಾ? ದೇಶದ ವಿಚಾರಕ್ಕೆ ಬಂದರೆ ಮರಡೋನಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋಕಾ ಪರ ಅವನು ಗೆದ್ದದ್ದು 1981ರ ಲೀಗ್ ಒಂದೇ. ರಿಕೆಲ್ಮೆ ಇದ್ದಾಗ ಕೋಪಾ ಲಿಬರ್ಟಡೋರೆಸ್ ಮೂರು ಸಲ ಬಂತು. 2000, 2001, ಆಮೇಲೆ 2007. ಈ ಖಂಡದ ಕ್ಲಬ್‌ಗಳಿಗೆ ಅದಕ್ಕಿಂತ ದೊಡ್ಡ ಕಪ್ ಇಲ್ಲ.

ಹುಡುಗ ಬೆಳೆದದ್ದು ಊರಾಚೆಯ ಡಾನ್ ತೊರ್ಕ್ವಾತೊ ಅನ್ನೋ ಕಡೆ, ಬಡವರ ಮನೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಇವನೇ ಹಿರಿಯ. 1996ರಲ್ಲಿ, 18ನೇ ವಯಸ್ಸಿಗೆ, ಬೋಕಾ ತಂಡಕ್ಕೆ ಆಡಿದ. ಮರುವರ್ಷ ಅಕ್ಟೋಬರ್‌ನಲ್ಲಿ, ಬೋಕಾದ ಬದ್ಧ ವೈರಿ ರಿವರ್ ಪ್ಲೇಟ್ ಮೈದಾನದಲ್ಲಿ ಮರಡೋನಾನ ಕೊನೇ ಪಂದ್ಯ. ಅರ್ಧ ಆಟಕ್ಕೆ ಮರಡೋನಾ ಹೊರಗೆ, ಈ ಹುಡುಗ ಒಳಗೆ. ಯಾರೂ ಬೇಕಂತ ಮಾಡಿದ್ದಲ್ಲ, ಆದರೂ ಪಟ್ಟ ಕಟ್ಟಿದ ಹಾಗೇ ಆಯ್ತು.

ನಿಧಾನ ಅಂತೀರಿ. ನಿಧಾನವೇ, ಇಲ್ಲ ಅನ್ನಲ್ಲ. 2000ದ ಲಿಬರ್ಟಡೋರೆಸ್‌ನಲ್ಲಿ ರಿವರ್ ವಿರುದ್ಧದ ಪಂದ್ಯದ ಒಂದು ತುಣುಕು ಹುಡುಕಿ ನೋಡಿ. ಅವನು ಗೆರೆಯ ಪಕ್ಕ, ಗೋಲಿಗೆ ಬೆನ್ನು ಹಾಕಿ ನಿಂತಿದ್ದಾನೆ. ಬೆನ್ನಿಗೆ ಅಂಟಿಕೊಂಡು ಕೊಲಂಬಿಯಾದ ಯೆಪೆಸ್, ಎತ್ತರದ ಆಳು. ಹೋಗೋಕೆ ಜಾಗವೇ ಇಲ್ಲ. ಇವನು ಅಂಗಾಲಿನಿಂದ ಚೆಂಡನ್ನು ಮೆಲ್ಲಗೆ ಹಿಂದಕ್ಕೆ ಉರುಳಿಸ್ತಾನೆ. ಅದು ಯೆಪೆಸ್‌ನ ಎರಡು ಕಾಲಿನ ಸಂದಿಯಲ್ಲಿ ತೂರಿ ಆಚೆ ಹೋಗುತ್ತೆ. ಅವನು ತಿರುಗೋದರೊಳಗೆ ಇವನು ಸುತ್ತಿಕೊಂಡು ಹೋಗಿ ಚೆಂಡು ಹಿಡಿದಿರ್ತಾನೆ. ಅದರಿಂದ ಗೋಲೇನೂ ಬರಲಿಲ್ಲ. ಆದರೂ ಇಲ್ಲಿನವರು ಇವತ್ತಿಗೂ ಗೋಲಿಗಿಂತ ಜಾಸ್ತಿ ಅದನ್ನೇ ಹೇಳಿಕೊಂಡು ಖುಷಿಪಡ್ತಾರೆ. ಅದೇ ವರ್ಷ ಟೋಕಿಯೋದಲ್ಲಿ ಬೋಕಾದವರು ರಿಯಲ್ ಮ್ಯಾಡ್ರಿಡ್ಡನ್ನು 2-1ರಿಂದ ಸೋಲಿಸಿದರು. ಗೋಲು ಎರಡೂ ಪಲೆರ್ಮೋದು. ಎರಡನೇದಕ್ಕೆ ಅಷ್ಟು ದೂರದಿಂದ ಪಾಸ್ ಕೊಟ್ಟವನು ರಿಕೆಲ್ಮೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಬೇರೆ. ಆಗ ಬೋಕಾ ಅಧ್ಯಕ್ಷ ಮೌರಿಸಿಯೋ ಮಾಕ್ರಿ, ಮುಂದೆ ದೇಶಕ್ಕೇ ಅಧ್ಯಕ್ಷನಾದ ಮನುಷ್ಯ. ಸಂಬಳದ ವಿಚಾರಕ್ಕೆ ಇಬ್ಬರಿಗೂ ಆಗಿಬರ್ತಿರಲಿಲ್ಲ. 2001ರ ಏಪ್ರಿಲ್, ರಿವರ್ ವಿರುದ್ಧ ಪಂದ್ಯ. ರಿಕೆಲ್ಮೆ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದ. ವಾಪಸ್ ಬಂದ ಚೆಂಡನ್ನು ಇವನೇ ತಲೆಯಿಂದ ಒಳಗೆ ಹಾಕಿದ. ಆಮೇಲೆ ಓಡಿಬಂದು, ಅಧ್ಯಕ್ಷರು ಕೂರುವ ಕಡೆ ಮುಖ ಮಾಡಿ, ಎರಡೂ ಕಿವಿಗೆ ಅಂಗೈ ಅಡ್ಡ ಇಟ್ಟುಕೊಂಡು ಸುಮ್ನೆ ನಿಂತುಬಿಟ್ಟ. ಕೇಳಿದವರಿಗೆ ‘ನನ್ನ ಮಗಳಿಗೆ ತೋಪೋ ಜಿಜೋ ಅಂದರೆ ಇಷ್ಟ’ ಅಂದನಂತೆ. ತೋಪೋ ಜಿಜೋ ಅಂದರೆ ದೊಡ್ಡ ಕಿವಿಯ ಒಂದು ಇಲಿ ಗೊಂಬೆ. ಯಾರು ನಂಬ್ತಾರೆ!

ಅದರ ಎರಡನೇ ಭಾಗ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಇಲ್ಲಿ ಕ್ಲಬ್ ಅಂದರೆ ಸದಸ್ಯರದು, ಅಧ್ಯಕ್ಷನನ್ನು ವೋಟು ಹಾಕಿ ಆರಿಸ್ತಾರೆ. ರಿಕೆಲ್ಮೆ ಚುನಾವಣೆಗೆ ನಿಂತ. ಎದುರು ಗುಂಪಿನಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಯಾರು ಗೊತ್ತಾ? ಅದೇ ಮಾಕ್ರಿ. 40,000ಕ್ಕೂ ಜಾಸ್ತಿ ಜನ ಬಂದು ವೋಟು ಹಾಕಿದರು. ರಿಕೆಲ್ಮೆ ಸಲೀಸಾಗಿ ಗೆದ್ದ.

ಯೂರೋಪಿನ ಕಥೆ ನಿಮಗೆ ಗೊತ್ತೇ ಇದೆ. 2002ರಲ್ಲಿ ಬಾರ್ಸಿಲೋನಾಗೆ ಹೋದ. ಕೋಚ್ ವಾನ್ ಹಾಲ್ ಅವನನ್ನು ಮೈದಾನದ ಅಂಚಿಗೆ ತಳ್ಳಿ ಆಡಿಸಿದ, ಅಲ್ಲಿ ಇವನ ಆಟ ನಡೆಯಲಿಲ್ಲ. ಸ್ಪೇನಿನದೇ ಇನ್ನೊಂದು ಕ್ಲಬ್ ವಿಯಾರೆಯಾಲ್‌ಗೆ ಬಂದಮೇಲೆ ನೋಡಿ. ಟೈಲ್ಸ್ ಮಾಡೋ ಊರು, ಜನ 50,000 ಆಸುಪಾಸು. ಆ ತಂಡ 2006ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ವರೆಗೆ ಹೋಯ್ತು. ಕೊನೇ ಗಳಿಗೆಯಲ್ಲಿ ಇವನ ಪೆನಾಲ್ಟಿಯನ್ನು ಆರ್ಸೆನಲ್‌ನ ಲೇಮನ್ ತಡೆದ, ಅಲ್ಲಿಗೆ ಮುಗೀತು. ನೀವು ಪೆನಾಲ್ಟಿ ಒಂದನ್ನೇ ನೆನಪಿಟ್ಟುಕೊಂಡಿದ್ದೀರಿ. ಆ ತಂಡವನ್ನು ಅಲ್ಲಿವರೆಗೆ ಕರ್ಕೊಂಡು ಹೋದವನು ಯಾರು ಮಾವ?

ಇನ್ನು ನಮ್ಮ ಹಳೇ ಜಗಳ. ಅದೇ ವರ್ಷದ ವಿಶ್ವಕಪ್, ಬರ್ಲಿನ್, ಜರ್ಮನಿ ವಿರುದ್ಧ ಕ್ವಾರ್ಟರ್ ಫೈನಲ್. ರಿಕೆಲ್ಮೆಯ ಕಾರ್ನರ್‌ಗೆ ಅಯಾಲಾ ತಲೆ ಕೊಟ್ಟು 1-0 ಆಗಿತ್ತು. 72ನೇ ನಿಮಿಷಕ್ಕೆ ಕೋಚ್ ಪೆಕರ್ಮನ್ ಅವನನ್ನು ಹೊರಗೆ ಕರೆದ. ‘ಸರಿಯಾಗಿ ಮಾಡಿದ, ಸುಸ್ತಾಗಿದ್ದ’ ಅಂತ ನೀವು ಅವತ್ತಿನಿಂದ ಹೇಳ್ತಾನೇ ಇದ್ದೀರಿ. ಸುಸ್ತಾಗಿದ್ದ, ಒಪ್ಪಿದೆ. ಆದರೆ ಒಂದು ಗೋಲಿನಿಂದ ಮುಂದಿರುವಾಗ ನಮಗೆ ಬೇಕಾದದ್ದು ಓಡುವವನಲ್ಲ, ಚೆಂಡು ಬಿಟ್ಟುಕೊಡದವನು. ಎದುರಾಳಿಗೆ ಸೊಂಟ ಅಡ್ಡ ಕೊಟ್ಟು, ಚೆಂಡನ್ನು ಕಾಲಡಿ ಇಟ್ಟುಕೊಂಡು ನಿಲ್ಲೋದು ಅವನಿಗೆ ಬಂದ ಹಾಗೆ ಯಾರಿಗೆ ಬರ್ತಿತ್ತು? ಅವನು ಹೋದ ಎಂಟು ನಿಮಿಷಕ್ಕೆ ಜರ್ಮನಿಯ ಕ್ಲೋಸೆ ಗೋಲು ಹೊಡೆದ. ಪೆನಾಲ್ಟಿಯಲ್ಲಿ ಸೋತೆವು. ಮೆಸ್ಸಿ ಬೇರೆ ಬೆಂಚಿನ ಮೇಲೇ ಉಳಿದ. ಇಲ್ಲಿ ಟ್ಯಾಕ್ಸಿ ಡ್ರೈವರನ್ನು ಕೇಳಿದರೂ ಆ ಬದಲಾವಣೆಯನ್ನು ಇನ್ನೂ ಬೈತಾರೆ. ಆ ವಿಷಯದಲ್ಲಿ ನೀವು ಒಂಟಿ.

ಆಮೇಲೆ ಸ್ಪೇನಿನಲ್ಲಿ ಕೋಚ್ ಜೊತೆ ಮುನಿಸಾಗಿ 2007ರಲ್ಲಿ ಎರವಲು ಆಟಗಾರನಾಗಿ ಬೋಕಾಗೆ ವಾಪಸ್ ಬಂದ. ಲಿಬರ್ಟಡೋರೆಸ್ ಫೈನಲ್‌ನಲ್ಲಿ ಬ್ರೆಜಿಲ್‌ನ ಗ್ರೇಮಿಯೋ ವಿರುದ್ಧ ಎರಡೂ ಪಂದ್ಯ ಸೇರಿ 5-0. ಮೂರು ಗೋಲು ಇವನದೇ. ಸೋಮಾರಿ, ಅಲ್ವಾ?

ಅಧ್ಯಕ್ಷನಾದ ಮೇಲೆ ಮಾತ್ರ ಕಥೆ ಅಷ್ಟು ಚೆನ್ನಾಗಿಲ್ಲ. 2025ರ ಫೆಬ್ರವರಿಯಲ್ಲಿ ಪೆರುವಿನ ಅಲಿಯಾನ್ಸಾ ಲಿಮಾ ಕೈಲಿ ಸ್ವಂತ ಮೈದಾನದಲ್ಲೇ ಲಿಬರ್ಟಡೋರೆಸ್‌ನಿಂದ ಹೊರಬಿದ್ದರು. ಆಫೀಸಿನ ಗುಂಪೇ ಈಗ ಎರಡಾಗಿದೆ. ಕೆಲವರು ಅವನನ್ನು ಬೈತಾರೆ. ಆದರೆ ಬೇರೆಯವರು, ಅದರಲ್ಲೂ ರಿವರ್ ಕಡೆಯವರು ಬೈದರೆ ಇವರೇ ಮೈಮೇಲೆ ಬೀಳ್ತಾರೆ.

ಬೋಕಾದ ಮೈದಾನ ಬೋಂಬೊನೇರಾದಲ್ಲಿ ಮ್ಯಾಚ್ ನೋಡೋ ಆಸೆ ಇನ್ನೂ ಹಾಗೇ ಇದೆ. ಟಿಕೆಟ್ ಸದಸ್ಯರಿಗೇ ಸಾಲೋದಿಲ್ಲ. ಒಬ್ಬ ಸಹೋದ್ಯೋಗಿ ತನ್ನ ಅಣ್ಣನ ಕಾರ್ಡ್ ವಿಚಾರಿಸ್ತೀನಿ ಅಂದಿದ್ದಾನೆ, ನೋಡೋಣ.

ಮುಂದಿನ ತಿಂಗಳು ನಮ್ಮಲ್ಲಿ ಒಬ್ಬರು ಬೆಂಗಳೂರಿಗೆ ಬರ್ತಿದ್ದಾರೆ. ಅವರ ಕೈಲಿ ನಿಮಗೊಂದು ಬೋಕಾ ಜೆರ್ಸಿ ಕಳಿಸ್ತೀನಿ, 10ನೇ ನಂಬರ್, ಬೆನ್ನಿಗೆ ಅವನದೇ ಹೆಸರು. ಎಲ್ ಸೈಜ್ ಸಾಕಾ, ಎಕ್ಸೆಲ್ ಬೇಕಾ? ಅತ್ತೆಯನ್ನು ಕೇಳಿ ಹೇಳಿ, ನೀವು ಹೇಳಿದ್ದನ್ನು ನಂಬೋಕಾಗಲ್ಲ.

ಇಂತಿ ನಿಮ್ಮ ಅಳಿಯ,
ಪುಟ್ಟ