ಐರನ್ ಮಾತ್ರೆ

ಪುಟ್ಟಿ,

ನಿನ್ನ ಬಸ್ ಹೊರಟ ಮೇಲೆ ಹಾಸಿಗೆ ಮಡಚಲು ಕೋಣೆಗೆ ಹೋದೆ. ದಿಂಬಿನ ಕವರಿನೊಳಗೆ ನಿನ್ನ ಖಿನ್ನತೆಯ ಮಾತ್ರೆ, ಎಸ್ಸಿಟಾಲೊಪ್ರಾಮ್, 3 ಸ್ಟ್ರಿಪ್. ಒಂದು ಮಾತ್ರೆಯನ್ನೂ ಕಿತ್ತಿಲ್ಲ. ಅದಕ್ಕೆ ನಾನು ಫೋನಿನಲ್ಲಿ ಹಾಗೆ ಕೂಗಬಾರದಿತ್ತು. "4 ವರ್ಷದಿಂದ ಇದೇ ಆಯ್ತು, ಸಾಕಮ್ಮ" ಅಂದು ನೀನು ಇಟ್ಟುಬಿಟ್ಟೆ. ಆಮೇಲೆ ಎತ್ತುತ್ತಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯದೆಲ್ಲ ನಿನಗೇ ಗೊತ್ತು, ಬಿಡು. ನನಗೆ ಮಾತ್ರ ನಿನ್ನ ಕೂದಲೇ ಕಣ್ಣ ಮುಂದೆ ಬರುತ್ತದೆ. ಆ ಮಳೆಗಾಲ ನೀನು 18 ದಿನ ತಲೆ ಬಾಚಿರಲಿಲ್ಲ. ಹಿಂದೆ ಒಂದು ಗಂಟು, ತೆಂಗಿನ ನಾರಿನ ಹಾಗೆ. ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಸುರಿದು ಬಿಡಿಸುತ್ತಾ ಕೂತೆ. ಎರಡು ಗಂಟೆ. ಚಿಕ್ಕವಳಿದ್ದಾಗ ಬಾಚಣಿಗೆ ಕಂಡರೆ ಓಡುತ್ತಿದ್ದವಳು ನೀನು. ಅವತ್ತು ಒಂದು 'ಹಾ' ಕೂಡ ಇಲ್ಲ. ನೋಯಲಿ, ನನಗೆ ಬೈಯಲಿ ಅಂತ ಒಮ್ಮೆ ಬೇಕಂತಲೇ ಜೋರಾಗಿ ಎಳೆದೆ. ನೀನು ಕದಲಲಿಲ್ಲ. ಕೊನೆಗೆ ಕತ್ತರಿ ಹಾಕಿದೆ. ಆ ಗಂಟನ್ನು ಎಲ್ಲಿ ಹಾಕಬೇಕೋ ತಿಳಿಯದೆ ಸೆರಗಿಗೆ ಕಟ್ಟಿಕೊಂಡು ಸಂಜೆಯವರೆಗೆ ಓಡಾಡಿದೆ. ಈಗಲೂ ನೀನು ವಿಡಿಯೊ ಕಾಲ್ ಮಾಡಿದರೆ ನಾನು ಮೊದಲು ನೋಡುವುದು ತಲೆ. ಬಾಚಿದ್ದಾಳಾ?

ಡಾಕ್ಟರು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ಬೈಕೋ. ಮಾತ್ರೆ ಪೂರ್ತಿ ಹಿಡಿಯಲು 4ರಿಂದ 6 ವಾರ ಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಬಹುದು. ಹುಷಾರಾದ ಮೇಲೂ ಕಡಿಮೆ ಅಂದರೆ 6 ತಿಂಗಳು ನುಂಗಬೇಕು. ನಿನಗೆ ಎರಡನೇ ಸಲ ಮರುಕಳಿಸಿದ್ದಕ್ಕೆ 2 ವರ್ಷ ಅಂದಿದ್ದರು. ಬಿಡಲೇಬೇಕು ಅನಿಸಿದರೆ ಅವರಿಗೆ ಹೇಳಿ, ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡು. ಕೌನ್ಸೆಲಿಂಗ್ ತಪ್ಪಿಸಬೇಡ. ರಾತ್ರಿ ತೀರಾ ಕಷ್ಟವಾಗಿ, ನಮ್ಮನ್ನು ಎಬ್ಬಿಸಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ಹೊತ್ತಿಗೆ ಸರಿಯಾಗಿ ಊಟ... ನೋಡು, ಭಾಷಣ ಶುರುವಾಯ್ತು.

ಹೇಳಬೇಕಾಗಿದ್ದು ಬೇರೆ. ಗಣಪತಿ ಹಬ್ಬಕ್ಕೆ ಬಂದಾಗ ನಿಮ್ಮತ್ತೆ "ಅದೇನು ಮಾತ್ರೆ?" ಅಂದರು. "ರಕ್ತ ಕಮ್ಮಿ ಇದೆ, ಐರನ್ ಮಾತ್ರೆ" ಅಂದೆ. ನೀನು ಕಡುಬಿನ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ನೀನು ನಾಲ್ಕು ಜನರ ಎದುರು ಮಾತ್ರೆ ನುಂಗಿದ್ದನ್ನು ನಾನು ನೋಡಿಲ್ಲ. ಬಚ್ಚಿಡುವುದನ್ನು ನಾನೇ ಕಲಿಸಿದೆ ಅಲ್ವಾ. ತಪ್ಪಾಯ್ತು.

ಇಷ್ಟರ ನಡುವೆಯೂ ನೀನು ಎಂ.ಕಾಂ. ಮುಗಿಸಿದೆ, ಕೆಲಸ ಹಿಡಿದೆ. ನಿಮ್ಮಪ್ಪ ಪೇಟೆಗೆ ಹೋಗುವಾಗೆಲ್ಲ ನಿನ್ನ ಮೊದಲ ಸಂಬಳದ ಶರ್ಟೇ ಹಾಕಿಕೊಳ್ಳುವುದು. ಕಾಲರ್ ಸವೆದಿದೆ.

ಎಷ್ಟು ದಿನದಿಂದ ಬಿಟ್ಟಿದ್ದೀಯ ಅಂತ ಮೊದಲು ಡಾಕ್ಟರಿಗೆ ಹೇಳು, ಸುಮ್ನೆ ನೀನೇ ಮತ್ತೆ ಶುರು ಮಾಡಬೇಡ. ಅತ್ತೆಗೆ ನಿಜ ಹೇಳಿಬಿಡೋಣ ಅಂತ ನಿನ್ನೆ ಫೋನ್ ತೆಗೆದೆ. ನಿನ್ನನ್ನು ಕೇಳದೆ ಹೇಗೆ ಅಂತ ಇಟ್ಟೆ. ಹೇಳಲಾ, ಬೇಡವಾ? ಅದಕ್ಕಾದರೂ ಫೋನ್ ಎತ್ತು.

ಅಮ್ಮ