ಮಗಳಿಗೊಂದು ಪತ್ರ: 13 ತಂಡಗಳಲ್ಲಿ ಆಡಿದವನ ಬಗ್ಗೆ

ಪ್ರೀತಿಯ ಪುಟ್ಟಿ,

"ಮತ್ತೆ ಬೇರೆ ಟೀಮಿಗೆ ಹಾಕಿದಾರಮ್ಮ, ನಾನು ಯಾರಿಗೂ ಬೇಡ ಅಂತ ಕಾಣುತ್ತೆ" ಅಂದೆಯಲ್ಲ, ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಅದರ ಜೊತೆಗೇ ಒಕ್ಟಾವಿಯೊ ಡೊಟೆಲ್ ನೆನಪಾದ. ನಮ್ಮ ಬೇಸ್‌ಬಾಲ್ ತಂಡ ಹ್ಯೂಸ್ಟನ್ ಆಸ್ಟ್ರೋಸ್‌ನಲ್ಲಿದ್ದ ರಿಲೀಫ್ ಪಿಚರ್, ಅಂದರೆ ಆಟದ ನಡುವೆ ಬಂದು ಬ್ಯಾಟರ್‌ಗೆ ಬಾಲ್ ಎಸೆಯುವವನು. ನೀನು ಆಗ ಚಿಕ್ಕವಳು. ನಾವು ಟಿವಿಯಲ್ಲಿ ಬೇಸ್‌ಬಾಲ್ ಹಾಕಿದರೆ ಎದ್ದು ಹೋಗುತ್ತಿದ್ದೆ.

ಆಟ ಶುರು ಮಾಡುವ ಪಿಚರ್ ಬೇರೆ. ರಿಲೀಫ್ ಪಿಚರ್ ಬುಲ್‌ಪೆನ್‌ನಲ್ಲಿ (ಮೈದಾನದ ಅಂಚಿನ ಜಾಗ) ಗಂಟೆಗಟ್ಟಲೆ ಕಾಯುತ್ತಾ ಕೂತಿರುತ್ತಾನೆ. ಫೋನ್ ಬಂದರೆ ಎದ್ದು ಒಂದಷ್ಟು ಬಾಲ್ ಎಸೆದು ಕೈ ಪಳಗಿಸಿಕೊಳ್ಳಬೇಕು. ಎಷ್ಟೋ ಸಲ ಅಷ್ಟು ಮಾಡಿದ ಮೇಲೂ ಅವನನ್ನು ಇಳಿಸುವುದೇ ಇಲ್ಲ. ಇಳಿಸಿದರೆ ಹೆಚ್ಚಾಗಿ ಒಂದೇ ಇನಿಂಗ್ಸ್, ಅಂದರೆ ಆಟದ ಒಂಬತ್ತು ಸರದಿಗಳಲ್ಲಿ ಒಂದು. ಅಷ್ಟರಲ್ಲೇ ಏನು ಗೊತ್ತೋ ಅದನ್ನೆಲ್ಲ ತೋರಿಸಬೇಕು.

2003ರ ಜೂನ್ 11ರ ಆಟ ನನಗೆ ಚೆನ್ನಾಗಿ ನೆನಪಿದೆ. ಎದುರಿಗೆ ನ್ಯೂಯಾರ್ಕ್ ಯಾಂಕೀಸ್, ಅವರದೇ ಸ್ಟೇಡಿಯಂ. ನಮ್ಮ ಮೊದಲ ಪಿಚರ್ ರಾಯ್ ಓಸ್ವಾಲ್ಟ್‌ಗೆ ನೋವು ಬಂದು ಎರಡನೇ ಇನಿಂಗ್ಸ್‌ನಲ್ಲೇ ಹೊರಟುಹೋದ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಐವರು ರಿಲೀಫ್ ಪಿಚರ್‌ಗಳು ಬಂದರು. ಎಂಟನೇ ಇನಿಂಗ್ಸ್ ಡೊಟೆಲ್‌ದು. ಮೂರು ಔಟ್ ಆದರೆ ಇನಿಂಗ್ಸ್ ಮುಗಿಯಬೇಕು, ಅಲ್ವಾ? ಅವನು ನಾಲ್ವರಿಗೆ ಮೂರು ಮೂರು ಸ್ಟ್ರೈಕ್ ಹಾಕಿ ಅವರನ್ನು ಸ್ಟ್ರೈಕ್‌ಔಟ್ ಮಾಡಿದ! ಒಬ್ಬ ಬ್ಯಾಟರ್ ಮೂರನೇ ಸ್ಟ್ರೈಕ್‌ಗೆ ಬೀಸಿ ತಪ್ಪಿದ, ಆದರೆ ಬಾಲ್ ಕ್ಯಾಚರ್‌ನ ಕೈಗೂ ಸಿಗದೆ ಹಿಂದೆ ಹೋಯಿತು. ಹಾಗಾದಾಗ ಬ್ಯಾಟರ್ ಮೊದಲ ಬೇಸ್‌ಗೆ ಓಡಬಹುದು. ಅವನು ಓಡಿ ಉಳಿದುಕೊಂಡ. ಸ್ಟ್ರೈಕ್‌ಔಟ್ ಲೆಕ್ಕಕ್ಕೆ ಬಂತು, ಔಟ್ ಮಾತ್ರ ಆಗಲಿಲ್ಲ. ಡೊಟೆಲ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಮತ್ತೆ ಅದೇ ಫಾಸ್ಟ್‌ಬಾಲ್ ಹಿಡಿದು ಉಳಿದವರನ್ನೂ ಮುಗಿಸಿದ. ಆ ರಾತ್ರಿ ಆರು ಜನ ಪಿಚರ್‌ಗಳು ಸೇರಿ ಯಾಂಕೀಸ್‌ಗೆ ಒಂದೂ ಹಿಟ್ (ಬಾಲ್ ಹೊಡೆದು ಬೇಸ್ ತಲುಪುವುದು) ಕೊಡಲಿಲ್ಲ. 1958ರಿಂದ ಅವರಿಗೆ ಹೀಗಾಗಿರಲಿಲ್ಲ.

ಮರುವರ್ಷ ಜೂನ್‌ನಲ್ಲೇ ಅವನನ್ನು ಓಕ್‌ಲ್ಯಾಂಡ್‌ಗೆ ಕಳಿಸಿದರು. ಕಾರ್ಲೋಸ್ ಬೆಲ್ಟ್ರಾನ್‌ನನ್ನು ತರಲು ಮಾಡಿದ ಅದಲುಬದಲು ಅದು. ಊರಿಗೆಲ್ಲ ಬರುವವನದೇ ಮಾತು. ಹೋದವನ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ನನಗೆ ಮಾತ್ರ ಬೇಜಾರಾಯಿತು.

2005ರಲ್ಲಿ ಮೊಣಕೈಗೆ ಆಪರೇಷನ್ ಆಯಿತು. ಆಮೇಲೆ ನ್ಯೂಯಾರ್ಕ್, ಕಾನ್ಸಾಸ್ ಸಿಟಿ, ಅಟ್ಲಾಂಟಾ, ಶಿಕಾಗೊ. 2010 ಒಂದೇ ವರ್ಷದಲ್ಲಿ ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್, ಕೊಲರಾಡೊ. ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದರೆ "ನಾನು ಹೋಗುವುದಿಲ್ಲ" ಅನ್ನುವ ಹಕ್ಕು ಆಟಗಾರನಿಗಿದೆ. ಎಲ್ಲೂ ಐದು ವರ್ಷ ನಿಲ್ಲದವನಿಗೆ ಆ ಹಕ್ಕು ಬರುವುದೇ ಇಲ್ಲ. ಈ ನಿಯಮ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಯಾರು ಜಾಸ್ತಿ ಊರು ಬಿಟ್ಟಿರುತ್ತಾರೋ ಅವರಿಗೇ ಇದರ ರಕ್ಷಣೆ ಇಲ್ಲ.

ಆದರೆ ಪುಟ್ಟಿ, ಒಂದು ವಿಷಯ ಗಮನಿಸು. ಬಿಟ್ಟುಕೊಟ್ಟವರು ಒಂದು ಕಡೆ ಇದ್ದರೆ, ಕೇಳಿ ಕರೆಸಿಕೊಂಡವರು ಇನ್ನೊಂದು ಕಡೆ ಇದ್ದೇ ಇದ್ದರು. 2011ರ ಜುಲೈನಲ್ಲಿ ಟೊರಾಂಟೊದಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವನನ್ನು ಕರೆಸಿಕೊಂಡಿತು. ಆಗ ಅವನಿಗೆ 37. ಕೊನೆಯ ಇನಿಂಗ್ಸ್‌ಗಳನ್ನು ಕಾಯುವವರು ಅವರಿಗೆ ಬೇಕಾಗಿತ್ತು. ಆ ತಂಡ ಪ್ಲೇಆಫ್‌ಗೆ (ಕೊನೆಯ ಹಂತದ ಪಂದ್ಯಗಳಿಗೆ) ಬಂದದ್ದೇ ಸೀಸನ್‌ನ ಕೊನೆಯ ದಿನ. ಅಲ್ಲಿಂದ ಹೋಗಿ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಗೆದ್ದವರಿಗೆ ಉಂಗುರ ಕೊಡುತ್ತಾರೆ; ಅವನಿಗೆ ಸಿಕ್ಕ ಒಂದೇ ಒಂದು ವರ್ಲ್ಡ್ ಸೀರೀಸ್ ಉಂಗುರ ಅದು. ಅದೇ ಅದಲುಬದಲಿನಲ್ಲಿ ಜೊತೆಗೆ ಬಂದವನು ಎಡ್ವಿನ್ ಜಾಕ್ಸನ್. 2012ರಲ್ಲಿ ಡೆಟ್ರಾಯಿಟ್ ಸೇರಿ ಡೊಟೆಲ್ 13 ತಂಡಗಳ ದಾಖಲೆ ಮಾಡಿದ. 2019ರಲ್ಲಿ 14ನೇ ತಂಡದಲ್ಲಿ ಆಡಿ ಅದನ್ನು ಮುರಿದವನು ಇದೇ ಜಾಕ್ಸನ್.

ಡೊಟೆಲ್ ಈಗ ಇಲ್ಲ. 2025ರ ಏಪ್ರಿಲ್‌ನಲ್ಲಿ ಅವನ ಹುಟ್ಟೂರು, ಡೊಮಿನಿಕನ್ ರಿಪಬ್ಲಿಕ್‌ನ ಸಾಂಟೊ ಡೊಮಿಂಗೊದಲ್ಲಿ ನೈಟ್‌ಕ್ಲಬ್ ಒಂದರ ಚಾವಣಿ ಕುಸಿದು ತುಂಬಾ ಜನ ಸತ್ತರಲ್ಲ, ಅವರಲ್ಲಿ ಅವನೂ ಒಬ್ಬ. ಸುದ್ದಿ ಕೇಳಿ ನಾನು ಅತ್ತೆ. ಆಡಿದ ಪಂದ್ಯ 758. ಸೇವ್, ಅಂದರೆ ಕೊನೆಗೆ ಬಂದು ತಂಡದ ಮುನ್ನಡೆ ಕಾಪಾಡಿ ಗೆಲುವು ಮುಗಿಸಿದ್ದು, 109.

ನಿನ್ನನ್ನು ಹಳೆ ಟೀಮಿನವರು ಯಾಕೆ ಬಿಟ್ಟರು ಅಂತ ಎಷ್ಟು ಯೋಚಿಸಿದರೂ ಉತ್ತರ ಸಿಗಲಿಕ್ಕಿಲ್ಲ. ಹೊಸ ಟೀಮಿನಲ್ಲಿ ನೀನೇ ಬೇಕು ಅಂದದ್ದು ಯಾರು, ಯಾವ ಕೆಲಸ ಅಲ್ಲಿ ನಿಂತಿದೆ, ಅದನ್ನು ವಿಚಾರಿಸು. ಭಾನುವಾರ ಫೋನ್ ಮಾಡಿದಾಗ ನನಗೆ ಮೊದಲು ಅದನ್ನೇ ಹೇಳು.

ನಿನ್ನ
ಅಮ್ಮ